‘ಶೇ 80 ಮುಗಿದಿದೆ’ ಅಂದರೆ ಏನು ಮುಗಿದಿದೆ?

ಮನೆ ಕಟ್ಟಿಸುವವರು ಕಳಿಸುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: ಹೇಳಿದ ದಿನಕ್ಕೆ ಮನೆ ಮುಗಿಯುತ್ತಾ? ಊರು ಬೇರೆ, ಸೈಟ್ ಅಳತೆ ಬೇರೆ, ಅಷ್ಟೇ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ನಕ್ಷೆ, ಎಸ್ಟಿಮೇಟ್, ಅಗ್ರಿಮೆಂಟ್ ನಿಮ್ಮ ಕೈಯಲ್ಲಿವೆ ಅಂದುಕೊಂಡೇ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ತುಮಕೂರಿನಲ್ಲಿ 30×40 ಸೈಟ್‌ನಲ್ಲಿ ಎರಡು ಅಂತಸ್ತಿನ ಪಿಲ್ಲರ್ ಮನೆ ಕಟ್ಟಿಸುತ್ತಿದ್ದೇವೆ. ಕೆಳಗಿನ ಮನೆಗೆ ಪ್ಲಾಸ್ಟರಿಂಗ್ ಆಗಿದೆ. ಮೇಲಿನ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕಿ 7 ದಿನ ಆಯಿತು. ಗೃಹಪ್ರವೇಶಕ್ಕೆ ಇನ್ನು 75 ದಿನ. ಗುತ್ತಿಗೆ 40 ಲಕ್ಷ, 30 ಲಕ್ಷ ಕೊಟ್ಟಿದ್ದೇವೆ. ಕಂಟ್ರಾಕ್ಟರ್ ‘ಶೇ 80 ಮುಗಿದಿದೆ, ಆಳುಗಳನ್ನು ಡಬಲ್ ಮಾಡ್ತೀನಿ’ ಅನ್ನುತ್ತಾರೆ. ಆಗುತ್ತಾ ಸರ್?

ಉತ್ತರ: ಆಗುವುದಿಲ್ಲ. ಯಾಕೆ ಅಂತ ಒಂದು ಹಾಳೆ ತೆಗೆದುಕೊಂಡು ನೀವೇ ಬರೆದು ನೋಡಿ. ಉಳಿದ ಕೆಲಸಗಳನ್ನು ಬರೆಯಿರಿ. ಪ್ರತಿಯೊಂದರ ಮುಂದೆ ಎರಡೇ ಸಂಗತಿ ಸಾಕು: ಎಷ್ಟು ದಿನ ಬೇಕು, ಯಾವುದು ಮುಗಿದ ಮೇಲೆ ಇದು ಶುರುವಾಗಬೇಕು.

ನಿಮ್ಮ ಮನೆಗೆ ನಾನು ಹಾಕಿದ ಅಂದಾಜು ಹೀಗಿದೆ. ಮೋಲ್ಡ್ ಕೆಳಗಿನ ಜಾಕಿ (ಆಸರೆ ಕಂಬ) ತೆಗೆಯಲು ಇನ್ನೂ 7 ದಿನ. ಮೇಲಿನ ಬ್ಲಾಕ್ ಗೋಡೆ 12. ಗೋಡೆ ಕೊರೆದು ಕರೆಂಟ್ ಪೈಪ್, ನೀರಿನ ಪೈಪ್ ಕೂರಿಸಲು 6. ಪ್ಲಾಸ್ಟರಿಂಗ್ 12, ಅದಕ್ಕೆ ನೀರು ಹೊಡೆಯಲು 7. ಬಾತ್‌ರೂಮ್ ವಾಟರ್‌ಪ್ರೂಫಿಂಗ್ ಮಾಡಿ, ನೀರು ನಿಲ್ಲಿಸಿ ನೋಡಲು 5. ಟೈಲ್ಸ್ 14. ಪುಟ್ಟಿ, ಪ್ರೈಮರ್, ಪೇಂಟ್ 15. ಸ್ವಿಚ್, ನಲ್ಲಿ, ಕಮೋಡ್ ಕೂರಿಸಿ ಕೊನೆ ಕೋಟ್ ಪೇಂಟ್ 8. ಒಟ್ಟು 86 ದಿನ. ಮಳೆ, ಹಬ್ಬ, ಮೇಸ್ತ್ರಿ ಊರಿಗೆ ಹೋಗುವುದು ಯಾವುದನ್ನೂ ಇದರಲ್ಲಿ ಸೇರಿಸಿಲ್ಲ.

ಒಂದಕ್ಕೊಂದು ಕಾಯುವ ಈ ಸಾಲಿಗೆ ಕ್ರಿಟಿಕಲ್ ಪಾತ್ ಅನ್ನುತ್ತಾರೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಈ ಲೆಕ್ಕವನ್ನು ರೂಪಿಸಿದರು. ತಡವಾದಾಗ ಎಲ್ಲ ಕೆಲಸಕ್ಕೂ ಜನ ಸುರಿಯುವುದು ದಂಡ, ಈ ಸಾಲಿನಲ್ಲಿರುವ ಕೆಲಸಕ್ಕೆ ಮಾತ್ರ ಹಾಕಿದರೆ ದಿನ ಉಳಿಯುತ್ತದೆ ಅನ್ನುವುದೇ ಅದರ ತಿರುಳು.

ಈಗ ನಿಮ್ಮ ಕಂಟ್ರಾಕ್ಟರ್ ತರುವ ಹೆಚ್ಚಿನ ಆಳುಗಳು ಎಲ್ಲಿ ಕೆಲಸ ಮಾಡುತ್ತಾರೆ? ಕಾಂಪೌಂಡ್ ಗೋಡೆ ಎದ್ದು ನಿಲ್ಲುತ್ತದೆ. ಮುಂದಿನ ಎಲಿವೇಶನ್‌ಗೆ ಕಲ್ಲು ಅಂಟಿಸುತ್ತಾರೆ. ರಸ್ತೆಯಲ್ಲಿ ನಿಂತು ನೋಡಿದರೆ ಮನೆ ಮುಗಿಯುತ್ತಾ ಬಂದಂತೆ ಕಾಣುತ್ತದೆ. ಅದರಿಂದ ಗೃಹಪ್ರವೇಶ ಒಂದು ದಿನವೂ ಹತ್ತಿರ ಬರುವುದಿಲ್ಲ. ಕಾಂಪೌಂಡ್ ಒಂದು ತಿಂಗಳು ತಡವಾದರೂ ಮನೆಯೊಳಗಿನ ಕೆಲಸ ನಿಲ್ಲುವುದಿಲ್ಲ ಅಲ್ವಾ? ಜಾಕಿಗೂ, ಪ್ಲಾಸ್ಟರ್ ನೆನೆಯುವುದಕ್ಕೂ ಎಷ್ಟು ಆಳು ತಂದರೂ ದಿನ ಕಡಿಮೆಯಾಗದು.

ಉಳಿಸಲು ಸಾಧ್ಯ ಇರುವುದು ಇಷ್ಟು. ಒಂದೊಂದು ರೂಮಿನ ಗೋಡೆ ಎದ್ದಂತೆ ಪೈಪ್ ಕೆಲಸ ಶುರುಮಾಡಿಸಿ, 4 ದಿನ ಉಳಿಯುತ್ತದೆ. ಪ್ಲಾಸ್ಟರಿಂಗ್‌ಗೆ ಎರಡು ಗ್ಯಾಂಗ್ ಹಾಕಿಸಿ, ಇನ್ನೊಂದು 4. ಆಗಲೂ 78 ದಿನ. ನೀರು ಹೊಡೆಯುವ ದಿನ ಕದ್ದು ಆ 3 ದಿನ ಸರಿಮಾಡಬೇಡಿ. ದಯವಿಟ್ಟು ಮುಂದಿನ ಮುಹೂರ್ತ ನೋಡಿಸಿ.

ಕಿಟಕಿ ಬಗ್ಗೆ ನೀವು ಕೇಳಿಯೇ ಇಲ್ಲ. ನನಗೆ ಅದರದೇ ಹೆದರಿಕೆ. ಯುಪಿವಿಸಿ (ಪ್ಲಾಸ್ಟಿಕ್ ಚೌಕಟ್ಟಿನ) ಕಿಟಕಿಯವರು ಪ್ಲಾಸ್ಟರ್ ಆದ ಮೇಲೆ ಅಳತೆ ತೆಗೆದುಕೊಂಡು, ಮಾಡಿ ತರಲು 30 ದಿನ, ಕೂರಿಸಲು 3 ದಿನ ಕೇಳಿದರು ಅಂದುಕೊಳ್ಳಿ. ಮೇಲೆ ಹೇಳಿದ 8 ದಿನ ಉಳಿಸಿ 29ನೇ ದಿನ ಪ್ಲಾಸ್ಟರ್ ಮುಗಿದರೆ ಕಿಟಕಿ ಕೂರುವುದು 62ಕ್ಕೆ. ಕೊನೆಯ 8 ದಿನದ ಕೆಲಸ ಶುರುವಾಗುವುದು 70ಕ್ಕೆ. ಕೈಯಲ್ಲಿರುವುದು 8 ದಿನದ ಬಿಡುವು ಮಾತ್ರ. ಅವರು ಎರಡು ವಾರ ಎಳೆದರೆ ಕಿಟಕಿಯೇ ನಿಮ್ಮ ಕ್ರಿಟಿಕಲ್ ಪಾತ್ ಆಗುತ್ತದೆ. ಇವತ್ತೇ ಆರ್ಡರ್ ಮಾತಾಡಿ. ಪಟ್ಟಿಯನ್ನೂ ವಾರಕ್ಕೊಮ್ಮೆ ತಿದ್ದಿ. ಶುರುವಲ್ಲಿ ಬರೆದು ಗೋಡೆಗೆ ಅಂಟಿಸಿ ಮರೆತ ಪಟ್ಟಿ ಕೆಲಸಕ್ಕೆ ಬಾರದು.

ಇನ್ನು ಆ ಶೇ 80. ಅದನ್ನು ಯಾರು, ಯಾವುದರಿಂದ ಅಳೆದರು? ನಿಮ್ಮ ಅಗ್ರಿಮೆಂಟ್‌ನಲ್ಲಿ ಪ್ರತಿ ಹಂತಕ್ಕೂ ಇಷ್ಟು ದುಡ್ಡು ಅಂತ ಇರಬೇಕು. ಪೂರ್ತಿ ಮುಗಿದ ಹಂತಗಳನ್ನು ಮಾತ್ರ ಕೂಡಿಸಿ. ಅರ್ಧ ಆದದ್ದಕ್ಕೆ ಸೊನ್ನೆ. ಕೂಡಿಸಿದಾಗ 22 ಲಕ್ಷ ಬಂದರೆ ಆಗಿರುವುದು ಶೇ 55, ನಿಮ್ಮ 8 ಲಕ್ಷ ಮುಂಗಡವಾಗಿ ಅವರ ಕೈಯಲ್ಲಿದೆ. ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ಇದನ್ನೇ ಅರ್ನ್ಡ್ ವ್ಯಾಲ್ಯೂ ಅಂತ ತಿಂಗಳು ತಿಂಗಳು ಲೆಕ್ಕ ಹಾಕುತ್ತಾರೆ. ಮುಗಿದ ಕೆಲಸ ಕೊಟ್ಟ ದುಡ್ಡಿಗೆ ಸರಿಹೋಗುವ ತನಕ ಇನ್ನೊಂದು ರೂಪಾಯಿ ಕೊಡಬೇಡಿ. ವಾಟ್ಸ್ಯಾಪ್‌ನಲ್ಲಿ ಬರುವ ಫೋಟೋ ಲೆಕ್ಕ ಅಲ್ಲ.

ಪ್ರಶ್ನೆ: ಇಂಥ ಕೆಲಸದ ಪಟ್ಟಿ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಒಂದು ಮನೆಗೆ ಎಕ್ಸೆಲ್ ಸಾಕು, ನೋಟ್‌ಬುಕ್ಕೂ ಸಾಕು.

ಪ್ರಶ್ನೆ: ಎರಡು ದಿನದ ಕೋರ್ಸ್ ಮಾಡಿದರೆ ಪ್ರಾಜೆಕ್ಟ್ ಮ್ಯಾನೇಜರ್ ಆಗಬಹುದು ಅಂತ ಜಾಹೀರಾತು ಬಂದಿದೆ. ಸೇರಲಾ?

ಉತ್ತರ: ಬೇಡ. ಆ ದುಡ್ಡು ಉಳಿಸಿ, ಒಂದು ಸೈಟ್‌ನಲ್ಲಿ ಒಳ್ಳೆಯ ಎಂಜಿನಿಯರ್ ಹಿಂದೆ ಓಡಾಡಿ.

ಪ್ರಶ್ನೆ: ಮೇಸ್ತ್ರಿ ಹೇಳುವ ದಿನಗಳನ್ನು ಎಷ್ಟು ನಂಬಬೇಕು?

ಉತ್ತರ: ಒಂದು ಸಂಖ್ಯೆ ಕೇಳಬೇಡಿ, ಮೂರು ಕೇಳಿ. ಎಲ್ಲ ಸರಿಯಿದ್ದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಕೆಟ್ಟರೆ ಎಷ್ಟು. 8, 10, 24 ಅಂದರೆ ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ. 12 ಬರುತ್ತದೆ. 1958ರಲ್ಲಿ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗೆ ತಂದ ಪರ್ಟ್ ವಿಧಾನ ಇದು. 24 ಯಾಕೆ ಆಗಬಹುದು ಅಂತ ಮರೆಯದೆ ಕೇಳಿ. ಮೇಸ್ತ್ರಿಯ ಆ ಉತ್ತರವೇ ನಿಮಗೆ ಬೇಕಾದದ್ದು.

ಪ್ರಶ್ನೆ: ಏನೋ ಕೆಮಿಕಲ್ ಹಾಕಿದ್ದೇವೆ, 5 ದಿನಕ್ಕೇ ಸೆಂಟ್ರಿಂಗ್ (ಮೋಲ್ಡ್ ಹೊರುವ ಹಲಗೆ, ಜಾಕಿ) ಬಿಚ್ಚಬಹುದು ಅನ್ನುತ್ತಿದ್ದಾರೆ. ಸರಿನಾ?

ಉತ್ತರ: ಮಾತಿನ ಮೇಲೆ ಬಿಚ್ಚಲು ಬಿಡಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಮಾಮೂಲಿ ಒಪಿಸಿ ಸಿಮೆಂಟ್‌ಗೆ ಬೀಮ್‌ನಿಂದ ಬೀಮ್‌ಗೆ 4.5 ಮೀಟರ್ ತನಕದ ಸ್ಲ್ಯಾಬ್‌ನ ಜಾಕಿ 7 ದಿನ, ಅದಕ್ಕಿಂತ ಅಗಲವಾದರೆ 14 ದಿನ ಇರಬೇಕು. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್ ಆದರೆ ಇನ್ನೂ ತಾಳ್ಮೆ ಬೇಕು. ಬೇಗ ಬಿಚ್ಚಲೇಬೇಕು ಅನ್ನುವವರು ಕಾಂಕ್ರೀಟ್ ಎಷ್ಟು ಗಟ್ಟಿಯಾಗಿದೆ ಅಂತ ತೋರಿಸುವ ಕ್ಯೂಬ್ ಟೆಸ್ಟ್ ರಿಪೋರ್ಟ್ ತರಲಿ, ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಸಹಿ ಹಾಕಲಿ. ಅಲ್ಲಿಯ ತನಕ ಒಂದು ಜಾಕಿಯನ್ನೂ ಮುಟ್ಟಿಸಬೇಡಿ, ಅದರ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ.