ಗೆಳತಿಯ ಎಣ್ಣೆ ಗಾಣ ನಡೆದೀತೇ?

ಪ್ರಶ್ನೆ: ನಾನು ಹಿರಿಯೂರಿನ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಬಾಲ್ಯದ ಗೆಳತಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದಾಳೆ, ಒಂಬತ್ತು ವರ್ಷದ ಸರ್ವೀಸು. ಕೆಲಸ ಬಿಟ್ಟು ಊರಿಗೆ ಬಂದು ಮರದ ಗಾಣ ಹಾಕುತ್ತೇನೆ ಎನ್ನುತ್ತಾಳೆ. ಒಟ್ಟು 7 ಲಕ್ಷ ಬೇಕಂತೆ: ಅವಳ ಪಿ.ಎಫ್. ಎರಡೂವರೆ ಲಕ್ಷ, ಬ್ಯಾಂಕ್ ಸಾಲ 3 ಲಕ್ಷ, ಉಳಿದ ಒಂದೂವರೆ ಲಕ್ಷ ನನ್ನಿಂದ. ‘ಪಾಲುದಾರಳಾಗು, ಇಲ್ಲದಿದ್ದರೆ ಸಾಲ ಕೊಡು, ಆರು ತಿಂಗಳಲ್ಲಿ ಸಬ್ಸಿಡಿ ಬಂದ ತಕ್ಷಣ ತೀರಿಸುತ್ತೇನೆ’ ಎಂದಿದ್ದಾಳೆ. ಅವಳ ಲೆಕ್ಕ ಹೀಗಿದೆ: ಶೇಂಗಾ ಬೀಜ ಕಿಲೋಗೆ 120 ರೂಪಾಯಿ, ಲೀಟರ್ ಎಣ್ಣೆಗೆ ಎರಡೂವರೆ ಕಿಲೋ ಬೀಜ, ಹಿಂಡಿಯಿಂದ 56 ರೂಪಾಯಿ ವಾಪಸ್, ಬಾಟಲಿ–ಲೇಬಲ್‌ಗೆ 16. ಲೀಟರಿಗೆ 380ರಂತೆ ಮಾರಿದರೆ 120 ರೂಪಾಯಿ ಲಾಭ. ದಿನಕ್ಕೆ 20 ಲೀಟರಿನಂತೆ ತಿಂಗಳಿಗೆ 500 ಲೀಟರ್, ಅಂದರೆ 60 ಸಾವಿರ. ಅವಳ ತಮ್ಮ ಊರಲ್ಲೇ ಇದ್ದಾನೆ, ಹಸು ಸಾಕಿದ್ದಾನೆ. ಇದು ಆಗುವ ಮಾತೇ? ಬೇಡ ಎಂದರೆ ಅವಳು ನೊಂದುಕೊಳ್ಳುತ್ತಾಳೆ.
– ಓದುಗರು, ಹಿರಿಯೂರು

ಉತ್ತರ: ಬ್ಯಾಂಕಿನಲ್ಲಿದ್ದಾಗ ಚಳ್ಳಕೆರೆ, ಪಾವಗಡದ ಕಡೆ ಎಷ್ಟೋ ಯೋಜನಾ ವರದಿಗಳನ್ನು ಓದಿದವನು ನಾನು. ನಿಮ್ಮ ಗೆಳತಿಯ ಲೆಕ್ಕ ಅವುಗಳಲ್ಲಿ ಬಹುಪಾಲಿಗಿಂತ ಮೇಲು. ಒಳ್ಳೆಯ ಬೀಜ ಹಾಕಿದರೆ ಎರಡೂವರೆ ಕಿಲೋಗೆ ಒಂದು ಲೀಟರ್ ಎಣ್ಣೆ ಎಂಬುದು ಸರಿ. ಹಿಂಡಿಯನ್ನು ಮರೆತಿಲ್ಲ. ಗಾಣದ ಹಿಂಡಿಯಲ್ಲಿ ಎಣ್ಣೆಯಂಶ ಉಳಿದಿರುತ್ತದೆ, ಹಸು ಕಟ್ಟಿದವರು ಕೇಳಿಕೊಂಡು ಬರುತ್ತಾರೆ. ತಮ್ಮನ ಮನೆಯಲ್ಲೇ ಗಿರಾಕಿ ಇದ್ದಂತಾಯಿತು. ಶೇಂಗಾ ಬೆಳೆಯುವ ಸೀಮೆಯಲ್ಲಿ ಗಾಣ ಹಾಕುವುದೂ ವಿವೇಕದ ಮಾತೇ.

ಆದರೆ 500 ಲೀಟರ್ ಎಂಬ ಅಂಕಿ ಎಲ್ಲಿಂದ ಬಂತು? ನನ್ನ ಊಹೆ, ಗಾಣ ಮಾರುವವರು ಹೇಳಿದ್ದು. ಮೋಟರಿನ ಗಾಣ ಒಂದು ಸಲಕ್ಕೆ ಹದಿನೈದು ಕಿಲೋ ಬೀಜವನ್ನು ಸುಮಾರು ಒಂದು ಗಂಟೆಯಲ್ಲಿ ಅರೆಯುತ್ತದೆ. ದಿನಕ್ಕೆ 20 ಲೀಟರ್ ತೆಗೆಯುವುದು ಅದಕ್ಕೆ ಅರ್ಧ ದಿನದ ಕೆಲಸ. ತೆಗೆದದ್ದನ್ನು ಕೊಳ್ಳುವವರು ಯಾರು ಎಂಬುದು ಲೆಕ್ಕದಲ್ಲಿ ಇಲ್ಲವೇ ಇಲ್ಲ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಎಂದುಕೊಳ್ಳಿ. ಗಾಣದೆಣ್ಣೆ ಇಷ್ಟಪಡುವವರು ಕೂಡ ಕರಿಯುವುದಕ್ಕೆಲ್ಲ ಅದನ್ನೇ ಸುರಿಯುವುದಿಲ್ಲ, ಅರ್ಧ ಅದು, ಅರ್ಧ ಅಂಗಡಿಯದು. ಅಲ್ಲಿಗೆ ಮನೆಗೆ ಒಂದೂವರೆ ಲೀಟರ್. 500 ಲೀಟರ್ ಖರ್ಚಾಗಲು ಮುನ್ನೂರ ಮೂವತ್ತಕ್ಕೂ ಹೆಚ್ಚು ಮನೆಗಳು ತಿಂಗಳು ತಿಂಗಳೂ ತಪ್ಪದೆ ಕೊಳ್ಳಬೇಕು. ಸೂರ್ಯಕಾಂತಿ ಎಣ್ಣೆ ಇದರ ಅರ್ಧದ ಆಸುಪಾಸಿಗೆ ಸಿಗುವಾಗ, ಹಿರಿಯೂರಿನಲ್ಲಿ ಅಷ್ಟು ಮನೆಗಳು ಒಮ್ಮೆಗೇ ಸಿಗುತ್ತವೆಯೇ?

ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತಿದ್ದ ಕಾಲ ನಿಮಗೂ ಗೊತ್ತು. 1994ರಲ್ಲಿ ಪಾಮೋಲಿನ್ ಆಮದು ಮುಕ್ತವಾಯಿತು, ಆಮೇಲೆ ಒಂದೊಂದೇ ಗಿರಣಿ ಬಾಗಿಲು ಹಾಕಿತು. ಚಳ್ಳಕೆರೆಯ ಶೇಂಗಾ ಎಣ್ಣೆಯಲ್ಲಿ ಐಬು ಇರಲಿಲ್ಲ. ಬಡವರ, ಮಧ್ಯಮ ವರ್ಗದವರ ಅಡುಗೆಮನೆ ಬೆಲೆ ನೋಡಿ ಎಣ್ಣೆ ಬದಲಿಸಿತು, ಅಷ್ಟೆ.

ಇನ್ನು 60 ಸಾವಿರವನ್ನು ಅವರು ಲಾಭ ಎಂದು ಕರೆದಿದ್ದಾರೆ. ಅದರೊಳಗಿಂದ ಮಳಿಗೆ ಬಾಡಿಗೆ 8 ಸಾವಿರ, ಒಬ್ಬ ಆಳಿಗೆ 14 ಸಾವಿರ, ಕರೆಂಟಿಗೆ 3 ಸಾವಿರ, ಸಾಲದ ಕಂತು ಆರೂವರೆ ಸಾವಿರ ತೆಗೆಯಿರಿ. ಇವು ನನ್ನ ಅಂದಾಜು, ಊರಲ್ಲಿ ವಿಚಾರಿಸಿ ತಿದ್ದಿಕೊಳ್ಳಿ. ಪೂರ್ತಿ 500 ಲೀಟರ್ ಹೋದರೆ ಇಪ್ಪತ್ತೆಂಟು ಸಾವಿರ ಚಿಲ್ಲರೆ ಉಳಿಯುತ್ತದೆ. 250 ಹೋದರೆ ಅವರ ದುಡಿಮೆಗೆ ಒಂದು ರೂಪಾಯಿಯೂ ಇಲ್ಲ. ಅಂಗಡಿಯವರ ಮೂಲಕ ಮಾರಿದರೆ ಕಮಿಷನ್ ಬೇರೆ. ಬೀಜದ ಬೆಲೆ ಕಿಲೋಗೆ 20 ರೂಪಾಯಿ ಏರಿತೆಂದರೆ ಲೀಟರಿನ 120 ರೂಪಾಯಿ ಲಾಭ 70ಕ್ಕೆ ಇಳಿಯುತ್ತದೆ, ಗಿರಾಕಿಗೆ ಮಾತ್ರ ಬೆಲೆ ಏರಿಸಲು ಕೈ ಬರುವುದಿಲ್ಲ.

ಬೆಲೆ ಏರಿಳಿತ ತಪ್ಪಿಸಲು ಸುಗ್ಗಿಯಲ್ಲೇ ಬೀಜ ಕೊಂಡಿಡಬೇಕು. ಆ ಹಣ ಈ 7 ಲಕ್ಷದಲ್ಲಿ ಎಲ್ಲಿದೆ? ಕೇಳಿ ನೋಡಿ. ಮೂರು ತಿಂಗಳ ಬೀಜ ಎಂದರೆ ಅವರ ಲೆಕ್ಕದಲ್ಲೇ ನಾಲ್ಕೂವರೆ ಲಕ್ಷ. ಕೊಂಡದ್ದು ಚೆನ್ನಾಗಿ ಒಣಗಿರಬೇಕು. ತೇವ ಉಳಿದ ಶೇಂಗಾಕ್ಕೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಅದು ಎಣ್ಣೆಗೂ ಕೆಟ್ಟದ್ದು, ಹಿಂಡಿ ತಿನ್ನುವ ಹಸುವಿಗೂ ಕೆಟ್ಟದ್ದು. ಗಾಣದೆಣ್ಣೆ ಎಂದು ನಂಬಿ ಮಕ್ಕಳ ತಟ್ಟೆಗೆ ಬಡಿಸುವವರಿಗೆ ನಾವು ಇಷ್ಟಾದರೂ ಋಣಿಗಳು.

ಸಬ್ಸಿಡಿಯ ವಿಷಯವನ್ನು ಅವರಿಗೆ ಇಂದೇ ಹೇಳಿ. ಅವರು ನೆಚ್ಚಿರುವುದು ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆಂದು ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂಎಫ್‌ಎಂಇ ಯೋಜನೆಯನ್ನು ಎಂದುಕೊಂಡಿದ್ದೇನೆ. ಅದರಲ್ಲಿ ಘಟಕದ ವೆಚ್ಚದ ಶೇ 35, ಅದರ ಮೇಲೆ ನಮ್ಮ ರಾಜ್ಯದ್ದು ಶೇ 15 ಎಂದಿತ್ತು, ಈಗ ಹೇಗಿದೆ ಎಂದು ವಿಚಾರಿಸಿಕೊಳ್ಳಲಿ. ಯೋಜನೆ ಒಳ್ಳೆಯದೇ. ಆದರೆ ಆ ಹಣ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಪ್ರತ್ಯೇಕವಾಗಿ ಕೂತಿರುತ್ತದೆ. ಮೂರು ವರ್ಷ ಘಟಕ ನಡೆದು, ಸಾಲದ ಖಾತೆ ಸರಿಯಾಗಿದ್ದರೆ ಆಗ ಸಾಲಕ್ಕೆ ಜಮೆಯಾಗುತ್ತದೆ. ಅಂದಮೇಲೆ ಆರು ತಿಂಗಳಲ್ಲಿ ಸಬ್ಸಿಡಿಯಿಂದ ನಿಮ್ಮ ಹಣ ತೀರಿಸುವ ದಾರಿಯೇ ಇಲ್ಲ. ಅವರು ನಿಮಗೆ ಸುಳ್ಳು ಹೇಳುತ್ತಿಲ್ಲ, ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ. ಹೀಗೆ ಮಾತು ಕೊಟ್ಟು ತೀರಿಸಲಾಗದೆ ಮುಖ ತಪ್ಪಿಸಿಕೊಂಡು ಓಡಾಡಿದ ಸ್ನೇಹಿತರನ್ನು ನಾನು ಕಂಡಿದ್ದೇನೆ. ನಿಮ್ಮಿಬ್ಬರಿಗೆ ಹಾಗಾಗಬಾರದು.

ಪಾಲುದಾರಳಾಗುವುದಂತೂ ಈಗ ಬೇಡಮ್ಮಾ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ವ್ಯವಹಾರದ ಸಾಲಕ್ಕೆ ಪ್ರತಿ ಪಾಲುದಾರರೂ ಪೂರ್ತಿ ಹೊಣೆ. ಒಂದೂವರೆ ಲಕ್ಷ ಹಾಕಿದ್ದೇನೆ, ಹೋದರೆ ಅಷ್ಟೇ ತಾನೇ ಎನ್ನುವ ಹಾಗಿಲ್ಲ.

ಹಾಗಾದರೆ ಬೇಡ ಎಂದುಬಿಡಬೇಕೇ? ಖಂಡಿತ ಬೇಡ. ಗಾಣ ಕೊಳ್ಳುವ ಮೊದಲು ಗಿರಾಕಿಗಳನ್ನು ಸಂಪಾದಿಸಲಿ. ಸುತ್ತಮುತ್ತ ಕೂಲಿಗೆ ಎಣ್ಣೆ ತೆಗೆದುಕೊಡುವ ಗಾಣಗಳಿವೆ. ತಿಂಗಳಿಗೆ 50 ಲೀಟರಿನಷ್ಟು ಬೀಜ, ಅಂದರೆ 125 ಕಿಲೋ, 15 ಸಾವಿರ ರೂಪಾಯಿ. ಈ 15 ಸಾವಿರವನ್ನು ನೀವು ಕೊಡಿ. ಮಾರಿದ ಹಣ ಮುಂದಿನ ತಿಂಗಳ ಬೀಜಕ್ಕೆ ತಿರುಗುತ್ತದೆ. ಮಾರುವ ಮುನ್ನ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲಿ, ಸಣ್ಣವರಿಗೆ ಅದು ಹೆಚ್ಚಿನ ಖರ್ಚಲ್ಲ. ಎಣ್ಣೆಯನ್ನು ಮೂರ್ನಾಲ್ಕು ದಿನ ನಿಲ್ಲಿಸಿ, ಮಡ್ಡಿ ತಳಕ್ಕೆ ಇಳಿದ ಮೇಲೆ ಸೋಸಿ ತುಂಬಲಿ, ಅವಸರಪಟ್ಟರೆ ಬೇಗ ಕಮಟು ಹಿಡಿಯುತ್ತದೆ. ಅವರ ತಮ್ಮ ಅದನ್ನು ಮನೆ ಮನೆಗೆ ಕೊಟ್ಟು ಬರಲಿ. ಒಂದು ನೋಟ್‌ಬುಕ್ಕಿನಲ್ಲಿ ಯಾರು ಯಾವಾಗ ಕೊಂಡರು ಎಂದು ಬರೆಯಲಿ. ಬಂಧುಬಳಗದವರು ಮೊದಲ ಬಾಟಲಿಯನ್ನು ಪ್ರೀತಿಗೆ ಕೊಳ್ಳುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಂಬಂಧವಿಲ್ಲದ ಮನೆಯವರು ಎರಡನೆಯ ಸಲ, ಮೂರನೆಯ ಸಲ ಕೇಳಿ ಕೊಂಡರೋ, ಅದು ಲೆಕ್ಕ.

ಅವರು ಬೆಂಗಳೂರಿನ ಕೆಲಸ ಬಿಡದೆಯೇ ಇದೆಲ್ಲ ಆಗುತ್ತದೆ. ಬಿಡದಿರಲು ಇನ್ನೊಂದು ಬಲವಾದ ಕಾರಣ ಅವರ ಪಿ.ಎಫ್.ನಲ್ಲೇ ಇದೆ. ಅದರ ಜೊತೆಗಿನ ಪಿಂಚಣಿ ಯೋಜನೆಯಲ್ಲಿ 10 ವರ್ಷದ ಸೇವೆ ಆದವರಿಗೆ 58ರ ವಯಸ್ಸಿನಿಂದ ತಿಂಗಳ ಪಿಂಚಣಿಯ ಹಕ್ಕು ಸಿಗುತ್ತದೆ. ಒಂಬತ್ತು ವರ್ಷ ಸೂಜಿ–ದಾರದ ನಡುವೆ ನಿಂತು ದುಡಿದ ಹೆಣ್ಣುಮಗಳು ಆ ಹೊಸ್ತಿಲಲ್ಲಿ ಹಣ ಎತ್ತಿಕೊಂಡು ಹೊರಬರಬಾರದು. ಇನ್ನೊಂದು ವರ್ಷ ಅಲ್ಲಿರಲಿ, ಆ ವರ್ಷವೇ ಊರಿನ ಪರೀಕ್ಷೆಗೂ ಸಾಕು. ಒಂದು ಸುಗ್ಗಿ, ಒಂದು ಬೇಸಿಗೆ, ಬೀಜದ ಬೆಲೆಯ ಏರಿಳಿತ ಎಲ್ಲವೂ ಕಣ್ಣಿಗೆ ಬೀಳುತ್ತದೆ.

ಈ ಉತ್ತರವನ್ನು ಫೋನಿನಲ್ಲಿ ಓದಿ ಹೇಳಬೇಡಿ, ಅವರು ಊರಿಗೆ ಬಂದಾಗ ಇಬ್ಬರೂ ಕಾಗದ–ಪೆನ್ನು ಹಿಡಿದು ಕೂತು ಲೆಕ್ಕ ಹಾಕಿ. ವರ್ಷ ಕಳೆಯುವಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ನೂರು ಮನೆಗಳು ಮತ್ತೆ ಮತ್ತೆ ಕೊಂಡದ್ದು ಕಂಡರೆ ನನಗೆ ಬರೆಯಿರಿ. ಬ್ಯಾಂಕಿಗೆ ಕೊಡಬೇಕಾದ ಯೋಜನಾ ವರದಿಯನ್ನು ನಾನೇ ನೋಡಿ ತಿದ್ದಿಕೊಡುತ್ತೇನೆ.