ಸ್ಟೇರಿಂಗ್ ಸ್ಟೆಬಿಲೈಸರ್ ಬದಲಿಸಿದರೆ ಅದುರು ನಿಲ್ಲುತ್ತದೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮದು 1998ರ ಜೀಪ್ ಚೆರೋಕಿ. ಓಡಾಟ ಟಾರು ರಸ್ತೆಯಲ್ಲಷ್ಟೇ. ಗುಂಡಿ ಹಾರಿದರೆ ಸ್ಟೇರಿಂಗ್ ಗಡಗಡ ಅದುರುತ್ತದೆ. ಯಾವ ಸ್ಟೆಬಿಲೈಸರ್ (ಸ್ಟೇರಿಂಗ್ ಅದುರು ತಗ್ಗಿಸುವ, ಶಾಕ್ ಅಬ್ಸಾರ್ಬರ್‌ನಂಥ ಭಾಗ) ಹಾಕಿಸಲಿ?

ಉತ್ತರ: ಹಳೆಯದರಲ್ಲಿ ಆಯಿಲ್ ಸೋರಿದ್ದರೆ, ಬಿಚ್ಚಿ ಕೈಯಲ್ಲಿ ಎಳೆದಾಗ ನಡುವೆ ಸಲೀಸಾಗಿ ಜಾರಿದರೆ ಬದಲಿಸಿ. ಟೈರ್ ಗಾಡಿ ಕಂಪನಿ ಕೊಟ್ಟ ಅಳತೆಯದೇ ಆದರೆ ಸಾದಾ ಹೈಡ್ರಾಲಿಕ್ (ಆಯಿಲ್ ಮಾತ್ರ ಇರುವುದು) ಸಾಕು. ಗ್ಯಾಸ್ ತುಂಬಿದ್ದು ರಾಡನ್ನು ಸದಾ ಹೊರದಬ್ಬುವುದರಿಂದ ಗಾಡಿ ಒಂದು ಪಕ್ಕಕ್ಕೆ ಎಳೆಯಬಹುದು. ಜೋಡಿ ಸ್ಟೆಬಿಲೈಸರ್ ಅಂತೂ ದುಡ್ಡು ದಂಡ.

ಅದುರಿನ ಮೂಲ ಬೇರೆಡೆ ಹುಡುಕಿ. ಗಾಡಿ ನೆಲದ ಮೇಲೇ ಇದ್ದು ಎಂಜಿನ್ ಓಡುತ್ತಿರಲಿ; ಒಬ್ಬರು ಸ್ಟೇರಿಂಗ್ ಆಚೀಚೆ ಆಡಿಸುವಾಗ ಟ್ರ್ಯಾಕ್ ಬಾರ್‌ನ (ಮುಂದಿನ ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಸರಳು) ಎರಡೂ ತುದಿ ಸಡಿಲವಾಗಿ ಅಲುಗುತ್ತವೆಯೇ ನೋಡಿ. ಆಕ್ಸಲ್ ಕಡೆಯ ಬೋಲ್ಟ್ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಹೊಸ ಸ್ಟೆಬಿಲೈಸರ್ ರೋಗ ಮುಚ್ಚಿಡುತ್ತದೆ, ಅಷ್ಟೇ. ವೀಲ್ ಬ್ಯಾಲೆನ್ಸಿಂಗೂ ಮಾಡಿಸಿ.

ಸ್ಟೆಬಿಲೈಸರ್ ತುದಿಯ ಬಾಲ್ ಸ್ಟಡ್ (ಗುಂಡು ತಲೆಯ ಬೋಲ್ಟ್) ಬಿಚ್ಚಲು ಪುಲ್ಲರ್ ಎಂಬ ಎಳೆಯುವ ಸಾಧನ ಬಳಸಿ. ಸುತ್ತಿಗೆ ಏಟಿಗೆ ಥ್ರೆಡ್ ಕೆಡುತ್ತದೆ. ಕೂರಿಸಿದ ಮೇಲೆ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ರಾಡ್ ತುದಿ ಮುಟ್ಟಿ ತಡೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.