ಮಳೆಗಾಲದಲ್ಲಿ ಕರಿಕೆ ದಾರಿಯಲ್ಲಿ ಬೈಕ್ ಕೆಟ್ಟು ನಿಂತರೆ ಏನು ಮಾಡಬೇಕು?

ಜುಲೈಯಲ್ಲಿ ನಾವು ಮೂವರು ಕಾಸರಗೋಡು ಜಿಲ್ಲೆಯ ಹೊಸದುರ್ಗದಿಂದ (ಕಾಞಂಗಾಡ್) ಪಾಣತ್ತೂರು, ಕರಿಕೆ ದಾಟಿ ಕೊಡಗಿನ ಭಾಗಮಂಡಲಕ್ಕೆ ಬೈಕಲ್ಲಿ ಹೋಗುತ್ತೇವೆ, ಕೆಟ್ಟರೆ ಯಾವ ಟೂಲ್ಸ್ ಬೇಕು, ರೈನ್‌ಕೋಟ್ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಟೂಲ್ಸ್ ನನ್ನ ಹತ್ತಿರವೂ ಇದ್ದವು ಮಾರಾಯ್ರೇ. ಸೀಟಿನ ಅಡಿಯಲ್ಲಿ, ಕಂಪನಿಯವರು ಕಟ್ಟಿ ಕೊಟ್ಟ ಹಾಗೇ ಇದ್ದವು. ಅವು ಅಲ್ಲಿರುವಾಗಲೇ ಎಂಜಿನ್ ಹೋಯಿತು.

ನನ್ನ ಊರು ಮುಳ್ಳೇರಿಯದ ಹತ್ತಿರ. ಅಡಿಕೆ ತೋಟ, ಸ್ವಲ್ಪ ಕರಿಮೆಣಸು. ಒಂದು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮಳೆ ಹೊಳವಾಯಿತು, ಅಂದರೆ ಸ್ವಲ್ಪ ಬಿಟ್ಟಿತು. ನಾನೂ ಭಾವನೂ ಎರಡು ಬೈಕ್ ತೆಗೆದುಕೊಂಡು ಜಾಲ್ಸೂರು, ಸುಳ್ಯ, ಸಂಪಾಜೆ ಮಾರ್ಗವಾಗಿ ಮಡಿಕೇರಿಗೆ ಹೋದೆವು. ಹೋಗುವಾಗ ಏನೂ ತೊಂದರೆ ಇಲ್ಲ. ಹೋದ ದಾರಿಯಲ್ಲೇ ವಾಪಸ್ ಬರುವುದೆಂದರೆ ಬೋರು ಅಂತ ಭಾಗಮಂಡಲಕ್ಕೆ ಹೋಗಿ ಕರಿಕೆಗೆ ಇಳಿಯುವುದು ಅಂತ ಮಾಡಿದ್ದು ನಾನೇ. ಭಾಗಮಂಡಲದಲ್ಲಿ ಈಗ ಮೇಲ್ಸೇತುವೆ ಇದೆ. ಆಗ ಇರಲಿಲ್ಲ. ಕಾವೇರಿ, ಕನ್ನಿಕೆ ತುಂಬಿದರೆ ಮಾರ್ಗದ ಮೇಲೇ ನೀರು. ಅಲ್ಲಿ ಕಾದು ಕಾದು ಹೊರಡುವಾಗಲೇ ಸಂಜೆಯಾಯಿತು.

ಇನ್ನು ನನ್ನ ಅವಸರಕ್ಕೆ ಕಾರಣ ಹೇಳುತ್ತೇನೆ. ಮರುದಿನ ಬೆಳಿಗ್ಗೆ ತೋಟಕ್ಕೆ ಮದ್ದು ಬಿಡುವವರು ಬರುವವರಿದ್ದರು. ಅಡಿಕೆ ಇರುವವರಿಗೆ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡಬೇಕಾದರೆ ಮಳೆ ಹೊಳವಾಗಬೇಕು, ಮರ ಹತ್ತುವವರು ಸಿಗಬೇಕು, ಎರಡೂ ಒಂದೇ ದಿನ ಆಗಬೇಕು. ಅವರು ಒಮ್ಮೆ ಬಂದು ವಾಪಸ್ ಹೋದರೆ ಮತ್ತೆ ಅವರ ಪಾಳಿ ಬರುವಷ್ಟರಲ್ಲಿ ಕಾಯಿ ಎಲ್ಲ ಉದುರಿರುತ್ತದೆ. ಅದಕ್ಕೆ ಬೇಕಾದ ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟಾಗಿತ್ತು. ರಾತ್ರಿ ಎಷ್ಟು ಹೊತ್ತಾದರೂ ಮನೆ ಸೇರಲೇಬೇಕು ಅಂತ ತಲೆಯಲ್ಲಿ ಕೂತಿತ್ತು.

ಭಾಗಮಂಡಲದಿಂದ ಪಾಣತ್ತೂರಿಗೆ ಸುಮಾರು 30 ಕಿಲೋಮೀಟರ್. ಹೆಚ್ಚಿನ ಪಾಲು ಕಾಡು. ಫೋನಿಗೆ ಸಿಗ್ನಲ್ ಇರುವ ಜಾಗ ಹುಡುಕಬೇಕು. ಆನೆ ಇದೆ. ಅರ್ಧ ಇಳಿದಿರಬಹುದು, ಒಂದು ತಿರುವಿನ ಆಚೆ ಮೋರಿಗೆ ಮರದ ದಿಮ್ಮಿ, ಸೊಪ್ಪು ಎಲ್ಲ ಸಿಕ್ಕಿ ತೋಡಿನ (ಸಣ್ಣ ಹಳ್ಳದ) ನೀರು ಮಾರ್ಗದ ಮೇಲೆ ಹರಿಯುತ್ತಿತ್ತು. ಕೆಂಪು ನೀರು. ಅಡಿಯಲ್ಲಿ ಡಾಮರು ಇದೆಯೋ ಹೊಂಡ ಇದೆಯೋ ಗೊತ್ತಾಗದು.

ಭಾವ ಬೈಕ್ ನಿಲ್ಲಿಸಿದ. "ಭಾವ, ಸ್ವಲ್ಪ ಹೊತ್ತು ನಿಲ್ಲುವ. ಮೇಲೆ ಮಳೆ ನಿಂತಿದೆ, ನೀರು ಇಳಿಯುತ್ತದೆ" ಅಂದ. ಅವನು ಹೇಳಿದ್ದು ಸರಿಯೇ. ಗುಡ್ಡೆಯ ತೋಡು ಏರುವುದೂ ಬೇಗ, ಇಳಿಯುವುದೂ ಬೇಗ. ನಾನು ಕೇಳಲಿಲ್ಲ. ರಭಸದಲ್ಲಿ ನುಗ್ಗಿಸಿದರೆ ದಾಟಬಹುದು ಅಂತ ಫಸ್ಟ್ ಗೇರಿನಲ್ಲಿ ಎಕ್ಸಲೇಟರ್ ತಿರುಗಿಸಿ ಬಿಟ್ಟೆ. ನೀರು ಮೊಣಕಾಲಿಗಿಂತ ಕೆಳಗೇ ಇತ್ತು. ಆದರೆ ರಭಸಕ್ಕೆ ಎದುರಿನ ನೀರು ಎದ್ದು ಟ್ಯಾಂಕಿನವರೆಗೆ ಬಂತು. ಆಚೆ ದಡ ಮುಟ್ಟುವಾಗ ಎಂಜಿನ್ ಬಂದ್.

ಇಲ್ಲಿಯವರೆಗೆ ಆದದ್ದಕ್ಕೆ ಖರ್ಚು ಏನೂ ಇಲ್ಲ ಅಂತ ಮೊದಲು ತಿಳಿದುಕೊಳ್ಳಿ. ನೀರಿಗೆ ಇಳಿಸಿದ್ದು ದಡ್ಡತನ ಹೌದು, ಆದರೂ ಆ ಕ್ಷಣಕ್ಕೆ ಗಾಡಿಗೆ ಏನೂ ಆಗಿರಲಿಲ್ಲ. ಆಮೇಲೆ ಮಾಡಿದ್ದೇ ನನ್ನನ್ನು ಮುಳುಗಿಸಿದ್ದು. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ. ನನಗೆ ಇದನ್ನು ಮುಂಚೆ ಯಾರೂ ಹೇಳಿರಲಿಲ್ಲ.

ಸೆಲ್ಫ್ ಸ್ಟಾರ್ಟ್ ಒತ್ತಿದೆ. 'ಟಕ್' ಅಂತ ಒಂದೇ ಶಬ್ದ ಬಂತು, ನಿಂತಿತು. ಮತ್ತೆ ಒತ್ತಿದೆ. ಮತ್ತೆ ಟಕ್. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ, ಅಂದರೆ ಬ್ಯಾಟರಿ ಸರಿ ಇದೆ. ಆಗಲೇ ಗೊತ್ತಾಗಬೇಕಿತ್ತು. ನನಗೆ ಅನಿಸಿದ್ದು ಸೆಲ್ಫ್ ಮೋಟಾರಿಗೆ ನೀರು ಹೋಗಿದೆ ಅಂತ. ಮುಂದೆ ಮಾರ್ಗ ಒಳ್ಳೆ ಇಳಿಜಾರು. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಭಾವನ ಹತ್ತಿರ ತಳ್ಳಲು ಹೇಳಿದೆ. ವೇಗ ಬಂದ ಕೂಡಲೇ ಕ್ಲಚ್ ಬಿಟ್ಟೆ. ಹಿಂದಿನ ಚಕ್ರ ಜಾರಿತು, ಒಳಗಿನಿಂದ ಒಂದು ಕೆಟ್ಟ ಶಬ್ದ ಬಂತು, ಮತ್ತೆ ಎಂಜಿನ್ ತಿರುಗಿತು. ಸ್ಟಾರ್ಟ್ ಕೂಡ ಆಯಿತು! ನಾನು ಗೆದ್ದೆ ಅಂದುಕೊಂಡೆ. ಕಟಕಟ ಅಂತ ಹೊಡೆದುಕೊಳ್ಳುತ್ತಾ ಒಂದೆರಡು ತಿರುವು ಹೋಗಿ ಪೂರ್ತಿ ಸತ್ತಿತು.

ಒಳಗೆ ಆದದ್ದು ಏನು ಅಂದರೆ, ಏರ್ ಫಿಲ್ಟರ್ ಕಡೆಯಿಂದ ನೀರು ಸಿಲಿಂಡರಿಗೆ ಹೋಗಿತ್ತು. ಪಿಸ್ಟನ್ ಮೇಲೆ ಬರುವಾಗ ಗಾಳಿ, ಪೆಟ್ರೋಲು ಆವಿಯನ್ನು ಒಂಬತ್ತು ಹತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಗಾಳಿ ಒತ್ತಿಸಿಕೊಳ್ಳುತ್ತದೆ, ನೀರು ಒತ್ತಿಸಿಕೊಳ್ಳುವುದಿಲ್ಲ. 150 ಸಿಸಿ ಎಂಜಿನಿನಲ್ಲಿ ಪಿಸ್ಟನ್ ತುದಿಗೆ ಬಂದಾಗ ಉಳಿಯುವ ಜಾಗ 20 ಮಿಲಿಗಿಂತ ಕಡಿಮೆ. ಅಂದರೆ ಅದಕ್ಕಿಂತ ಜಾಸ್ತಿ ನೀರು ಒಳಗಿದ್ದರೆ ಪಿಸ್ಟನ್ ಮೇಲೆ ಬರಲು ಆಗುವುದೇ ಇಲ್ಲ. ಸೆಲ್ಫ್ ಮೋಟಾರು ಚಿಕ್ಕದು, ಅದು ಟಕ್ ಅಂತ ಸೋತು ನಿಂತಿತು. ಒಂದು ರೀತಿಯಲ್ಲಿ ನನ್ನನ್ನು ಕಾಪಾಡಲು ನೋಡಿತು. ಇಳಿಜಾರಿನಲ್ಲಿ ಗಾಡಿಯ ಭಾರ, ನನ್ನ ಭಾರ ಎಲ್ಲ ಸೇರಿ ಚಕ್ರದಿಂದ ಚೈನಿಗೆ, ಚೈನಿನಿಂದ ಕ್ರ್ಯಾಂಕಿಗೆ ಬಂದಾಗ ಅದು ಸೋಲುವುದಿಲ್ಲ. ಬೇರೆ ಏನಾದರೂ ಬಗ್ಗಬೇಕು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಗ್ಗಿತು.

ಮಾಡಬೇಕಿದ್ದದ್ದು ಎಷ್ಟು ಸುಲಭ ನೋಡಿ. ಕೀ ಆಫ್ ಮಾಡುವುದು. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಎಳೆದು ದೂರ ಇಡುವುದು. ಪ್ಲಗ್ ಸ್ಪ್ಯಾನರಿನಿಂದ ಪ್ಲಗ್ ಬಿಚ್ಚುವುದು. ಆಮೇಲೆ ಕಿಕ್ಕರ್ ತುಳಿಯುತ್ತಾ ಇರುವುದು. ತೂತಿನಿಂದ ನೀರು ಪಿಚಕ್ಕನೆ ಹೊರಗೆ ಬರುತ್ತದೆ, ಮುಖ ಆಚೆ ಇಟ್ಟುಕೊಳ್ಳಿ. ನೀರು ಬರುವುದು ನಿಂತ ಮೇಲೆ ಏರ್ ಫಿಲ್ಟರ್ ತೆಗೆದು ಹಿಂಡಿ, ಕಾರ್ಬೊರೇಟರಿನ ಅಡಿಯ ಸ್ಕ್ರೂ ಸಡಿಲಿಸಿ ಅಲ್ಲಿಯ ನೀರನ್ನೂ ಬಿಟ್ಟು, ಪ್ಲಗ್ ಒರೆಸಿ ಹಾಕಿ, ಆಮೇಲೆ ಸ್ಟಾರ್ಟ್ ಮಾಡಿ ನೋಡುವುದು. ಸ್ಪ್ಯಾನರ್ ನನ್ನ ಸೀಟಿನ ಅಡಿಯಲ್ಲೇ ಇತ್ತು ಅಂತ ಹೇಳಿದೆನಲ್ಲ. ಕತ್ತಲಾಗುತ್ತಿತ್ತು, ಕಾಲಿಗೆ ಉಂಬಳ (ಜಿಗಣೆ) ಹತ್ತುತ್ತಿತ್ತು, ಸೀಟು ಬಿಚ್ಚಲು ಮನಸ್ಸಾಗಲಿಲ್ಲ, ಅಷ್ಟೇ.

ನಿಮ್ಮ ಒಬ್ಬ ಗೆಳೆಯನ ಹೊಸ ಬೈಕಿಗೆ ಕಿಕ್ಕರೇ ಇಲ್ಲ ಅಂತ ಬರೆದಿದ್ದೀರಿ. 2020ರ ಏಪ್ರಿಲಿನಿಂದ ಹೊಗೆ ನಿಯಂತ್ರಣದ ಬಿಎಸ್6 ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಿಗೆ ಕಾರ್ಬೊರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಎಷ್ಟೋ ಗಾಡಿಗಳಲ್ಲಿ ಕಿಕ್ಕರೂ ಇಲ್ಲ. ಆಗ ಪ್ಲಗ್ ಬಿಚ್ಚಿದ ಮೇಲೆ ಟಾಪ್ ಗೇರಿಗೆ ಹಾಕಿ, ಸೆಂಟರ್ ಸ್ಟ್ಯಾಂಡ್ ಇದ್ದರೆ ಹಿಂದಿನ ಚಕ್ರ ಕೈಯಲ್ಲೇ ತಿರುಗಿಸಿ. ಇಲ್ಲದಿದ್ದರೆ ಮೆಲ್ಲ ತಳ್ಳಿ. ಪ್ಲಗ್ ಹೊರಗಿರುವಾಗ ತಳ್ಳಿದರೆ ತೊಂದರೆ ಇಲ್ಲ. ಪ್ಲಗ್ ಒಳಗಿರುವಾಗ ತಳ್ಳಿದ್ದೇ ನಾನು ಮಾಡಿದ ತಪ್ಪು. ಕೆಲವು ಗಾಡಿಗಳಲ್ಲಿ ಪ್ಲಗ್ ಕೈಗೆ ಸಿಗಬೇಕಾದರೆ ಟ್ಯಾಂಕನ್ನೇ ಎತ್ತಬೇಕು. ಅದನ್ನು ಮನೆಯಲ್ಲೇ ಒಮ್ಮೆ ಬಿಚ್ಚಿ ನೋಡಿ, ಕಾಡಿನಲ್ಲಿ ಮೊದಲ ಸಲ ಮಾಡಲು ಹೋಗಬೇಡಿ.

ಇನ್ನೊಂದು ಗುರುತು ಹೇಳುತ್ತೇನೆ. ಸೆಲ್ಫ್ ಸಲೀಸಾಗಿ ತಿರುಗುತ್ತದೆ ಆದರೆ ಎಂಜಿನ್ ಹಿಡಿಯುವುದಿಲ್ಲ ಅಂದರೆ ಹೆಚ್ಚಾಗಿ ಪ್ಲಗ್ ಕ್ಯಾಪಿಗೆ ನೀರು ಹೋಗಿರುತ್ತದೆ, ಇಲ್ಲವೇ ಪೆಟ್ರೋಲಿನಲ್ಲಿ ನೀರು. ಒರೆಸಿ, ಒಣಗಿಸಿ ನೋಡಿ. ಬೈಕ್ ಅಡ್ಡ ಬಿದ್ದು ಎದ್ದ ಮೇಲೆ ಸ್ಟಾರ್ಟ್ ಆಗದಿದ್ದರೆ ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇಂಜೆಕ್ಷನ್ ಗಾಡಿಗಳಲ್ಲಿ ಬಿದ್ದರೆ ಎಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಆದರೆ ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಗೂಡ್ಸ್ ಗಾಡಿಗೆ ಹೇರಿ.

ನನ್ನನ್ನು ಹೇರಿದ್ದು ಕರಿಕೆ ಕಡೆಗೆ ಕೆಲಸದವರನ್ನು ಕರೆದುಕೊಂಡು ಹೋಗುತ್ತಿದ್ದ ಒಂದು ಜೀಪಿನವರು. ಡ್ರೈವರ್ ಇಳಿದು ಬಂದು ಕೇಳಿದ ಮೊದಲ ಮಾತೇ, "ಪ್ಲಗ್ ಬಿಚ್ಚಿ ನೋಡಿದ್ರಾ?" ನಾನು ಭಾವನ ಮುಖ ನೋಡಿದೆ. ಭಾವ ಕಾಡಿನ ಕಡೆ ನೋಡಿದ. ಬೈಕನ್ನು ಒಂದು ಅಂಗಡಿಯ ಜಗಲಿಯಲ್ಲಿ ಬಿಟ್ಟು ಭಾವನ ಹಿಂದೆ ಕೂತು ಮನೆ ಸೇರುವಾಗ ಬೆಳಗಾಗುತ್ತಿತ್ತು. ಮದ್ದು ಬಿಡುವವರು ಬರಲೂ ಇಲ್ಲ, ರಾತ್ರಿಯಿಡೀ ಸುರಿದ ಮಳೆ ಬೆಳಿಗ್ಗೆಯೂ ಬಿಟ್ಟಿರಲಿಲ್ಲ. ಎಂಜಿನ್ ಇಳಿಸಿ ರಾಡ್, ಪಿಸ್ಟನ್, ಬೇರಿಂಗ್ ಎಲ್ಲ ಬದಲಿಸಬೇಕಾಯಿತು. ಆ ವರ್ಷದ ಕರಿಮೆಣಸಿನ ದುಡ್ಡು ಅದಕ್ಕೇ ಹೋಯಿತು. ಮನೆಯವಳು ಈಗಲೂ ಮೆಣಸು ಕೊಯ್ಯುವ ಹೊತ್ತಿಗೆ ಅದನ್ನು ನೆನಪಿಸುತ್ತಾಳೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೆಟ್ಟರೆ ಏನು ಮಾಡುವುದು ಅಂತ ಕೇಳಿದ್ದೀರಿ. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ನೀವು ಭಾಗಮಂಡಲದಲ್ಲಿ ರೂಮಿಗೆ ಮುಂಗಡ ಕೊಟ್ಟಾಗಿದೆ ಅಂತ ಬರೆದಿದ್ದೀರಲ್ಲ, ನಿಮ್ಮ ಬೈಕಿಗೆ ದೊಡ್ಡ ಅಪಾಯ ಅದೇ. ದುಡ್ಡು ಕೊಟ್ಟವನು ತೋಡಿನ ಎದುರು ನಿಂತು ಕಾಯುವುದಿಲ್ಲ. ನನಗೆ ಮದ್ದು ಬಿಡುವವರು ಇದ್ದ ಹಾಗೆ ನಿಮಗೆ ಆ ರೂಮು. ಮುಂಗಡ ಹೋದರೆ ಹೋಗಲಿ ಅಂತ ಈಗಲೇ ನಿಶ್ಚಯ ಮಾಡಿಕೊಳ್ಳಿ, ಆಮೇಲೆ ಬೇಕಾದರೆ ಹೊರಡಿ.

ಹವಾಮಾನದ ವಿಷಯದಲ್ಲಿ ನಮ್ಮ ಗಡಿಯವರು ಮಾಡುವ ಒಂದು ತಪ್ಪು ಇದೆ. ಹವಾಮಾನ ಇಲಾಖೆ ಕೊಡುವ ಕಾಸರಗೋಡಿನ ಮಳೆ ಅಲರ್ಟ್ ಮಾತ್ರ ನೋಡುತ್ತೇವೆ. ಅದು ಕೇರಳದ ಲೆಕ್ಕದಲ್ಲಿ ಬರುತ್ತದೆ. ಕೊಡಗಿನದ್ದು ಕರ್ನಾಟಕದ ಲೆಕ್ಕದಲ್ಲಿ ಬೇರೆ ಬರುತ್ತದೆ. ಇಲ್ಲಿ ಯೆಲ್ಲೋ ಇರುವಾಗ ಅಲ್ಲಿ ಆರೆಂಜ್ ಇರಬಹುದು. ಆರೆಂಜ್ ಅಂದರೆ 24 ಗಂಟೆಯಲ್ಲಿ 115.6ರಿಂದ 204.4 ಮಿಲಿಮೀಟರ್ ಮಳೆ ಆಗುವ ಸಂಭವ, ರೆಡ್ ಅಂದರೆ ಅದಕ್ಕೂ ಮೇಲೆ. ನಮ್ಮ ಚಂದ್ರಗಿರಿ ಹೊಳೆ ಹುಟ್ಟುವುದೇ ಕೊಡಗಿನ ಗುಡ್ಡೆಯಲ್ಲಿ ಅಲ್ವಾ? ಮೇಲೆ ಮಧ್ಯಾಹ್ನ ಬಿದ್ದ ಮಳೆ ಸಂಜೆಗೆ ಕೆಳಗೆ ಬರುತ್ತದೆ. ಪಾಣತ್ತೂರಿನಲ್ಲಿ ಬಿಸಿಲಿದೆ ಅಂತ ಹತ್ತಬೇಡಿ.

ಸಂಪಾಜೆ ಮಾರ್ಗ ಸುರಕ್ಷಿತವೋ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಬೇರೆಯವರು ಕೇಳಿದ್ದಾರೆ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡೆ ಜಾರಿದ್ದು ಅದೇ ಮಾರ್ಗದಲ್ಲಿ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿತು, ಅದು ನೀವು ಹೋಗುವ ಕಡೆ. ಹಾಗಾಗಿ ಆಯ್ಕೆ ಅಂತ ಏನಿಲ್ಲ. ಒಂದೇ ವ್ಯತ್ಯಾಸ, ಸಂಪಾಜೆಯಲ್ಲಿ ಕೆಟ್ಟು ನಿಂತರೆ ವಾಹನ, ಮನೆ, ವರ್ಕ್‌ಶಾಪ್ ಸಿಗುತ್ತವೆ. ಕರಿಕೆಯಲ್ಲಿ ಜೀಪು ಬರುವವರೆಗೆ ನೀವೇ. ನನ್ನನ್ನು ಕೇಳಿದರೆ ಕರಿಕೆಗೆ ಜುಲೈ ಬೇಡ. ತುಲಾ ಸಂಕ್ರಮಣ ಕಳೆದು, ಅಕ್ಟೋಬರ್ ಕೊನೆಗೆ ಹೋಗಿ. ತಲಕಾವೇರಿ ಜಾತ್ರೆಯ ಜನ ಕಡಿಮೆಯಾಗಿರುತ್ತಾರೆ, ತೋಡು ಇಳಿದಿರುತ್ತದೆ, ಹಸುರು ಹಾಗೇ ಇರುತ್ತದೆ. ಮಧ್ಯಾಹ್ನ ಮೇಲೆ ಗುಡುಗು ಮಳೆ ಬರಬಹುದು, ಅದಕ್ಕೆ ಬೆಳಿಗ್ಗೆ ಬೇಗ ಹತ್ತಿ ಇಳಿದುಬಿಡಿ. ಪೆಟ್ರೋಲು ಹೊಸದುರ್ಗದಲ್ಲೇ ತುಂಬಿಸಿ.

ಇಲ್ಲ, ಜುಲೈಯಲ್ಲೇ ಹೋಗುತ್ತೇವೆ ಅಂತ ಹಟ ಇದ್ದರೆ ತೋಡಿನ ನೀರಿಗೆ ಬೈಕ್ ಇಳಿಸುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ನೋಡಿ. ನಡೆಯಲು ಕಾಲು ನಿಲ್ಲದ ಕಡೆ ಚಕ್ರವೂ ನಿಲ್ಲುವುದಿಲ್ಲ. ಮೆಲ್ಲ, ಒಂದೇ ವೇಗದಲ್ಲಿ ದಾಟಿ. ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಹಿಡಿದು ಬಿಟ್ಟು ಮಾಡಿ ಒಣಗಿಸಿಕೊಳ್ಳಿ, ಡ್ರಮ್ ಬ್ರೇಕ್ ಒದ್ದೆಯಾದರೆ ಸರಿಯಾಗಿ ಹಿಡಿಯುವುದಿಲ್ಲ. ಟೂಲ್ಸಿನಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಪಂಕ್ಚರ್ ಕಿಟ್, ಕ್ಲಚ್ ಕೇಬಲ್ ಇದ್ದರೆ ಸಾಕು. ಮೂವರಿಗೂ ಸೇರಿ ಒಂದು ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಿ.

ರೈನ್‌ಕೋಟ್ ಯಾವುದಾದರೂ ಆಗುತ್ತದೆ, ಆದರೆ ಪ್ಯಾಂಟು ಬೇರೆ, ಅಂಗಿ ಬೇರೆ ಇರುವುದೇ ತೆಗೆದುಕೊಳ್ಳಿ. ಹೊದ್ದುಕೊಳ್ಳುವ ನಮೂನೆಯದ್ದು ಚೈನಿಗೆ ಸಿಕ್ಕಿ ಬೀಳಿಸುತ್ತದೆ. ಆ ಮಳೆಗೆ ಎಷ್ಟು ದುಡ್ಡು ಕೊಟ್ಟದ್ದೂ ಸೋರುತ್ತದೆ. ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ, ಅದರಲ್ಲಿ ಒಣ ಅಂಗಿಯನ್ನು ಕಟ್ಟಿಟ್ಟುಕೊಳ್ಳಿ. ಉಂಬಳಕ್ಕೆ ಸುಣ್ಣ ಮರೆಯಬೇಡಿ.